ದಿಬ್ಬ ಏರಿದ ಗಾಡಿ

ಜೂನ್ ೧೪, ಶನಿವಾರ

ಸ್ಟ್ರಾಬೆರಿ ತುಂಬಿ ಬೇಯಿಸಿದ ಪೈ ಎರಡು ತುಂಡು ತಿಂದು ಹೊಟ್ಟೆ ಭಾರ. ನನ್ನ ಹೆಂಡತಿ ಆರ್ಡಿಸ್‌ಗೆ ಗೊತ್ತಾಯಿತೋ ಇಲ್ಲವೋ ಎಂಬುದೊಂದೇ ಕೊರೆಯುತ್ತಿದೆ.

ಹುಲ್ಲು ಕೊಯ್ಯುವ ಗಾಡಿ ನನ್ನನ್ನು ಕೂರಿಸಿಕೊಂಡು ಹಿತ್ತಲಿನ ದಿಬ್ಬ ಹತ್ತಲಾರದೆ ನಿಂತುಬಿಡುತ್ತಿತ್ತು. ಇಂಜಿನ್ ಗುಡುಗಿದರೂ ಚಕ್ರ ಉರುಳುತ್ತಿರಲಿಲ್ಲ. "ಗಾಡೀದೇನು ತಪ್ಪು? ನಿನ್ನ ಹೊಟ್ಟೆ ಹೊತ್ತು ಹೊತ್ತು ಅದಕ್ಕೂ ಸಾಕಾಗಿದೆ," ಎಂದು ಈಸ್ಟರ್ ಹಬ್ಬ ಕಳೆದದ್ದೇ ಅವಳು ಪೈ ಮಾಡುವುದನ್ನು ನಿಲ್ಲಿಸಿಬಿಟ್ಟಳು. ಅತ್ತ ತೋಟದಲ್ಲಿ ಸ್ಟ್ರಾಬೆರಿ ಮುಗಿಯುತ್ತ ಬಂದಿತ್ತು.

ಇವತ್ತು ಅವಳು ಕೌದಿ ಹೊಲಿಯಲು ಚರ್ಚಿಗೆ ಹೋದಾಗ ಇಂಜಿನ್ ಆರಿಸಿ ಕೆಳಗೆ ಬಗ್ಗಿ ನೋಡಿದೆ. ಚಕ್ರ ತಿರುಗಿಸುವ ಬೆಲ್ಟು ಜೋತುಬಿದ್ದಿತ್ತು. ಅದನ್ನು ಒತ್ತಿಹಿಡಿಯುವ ರಾಟೆಯ ನಟ್ಟು ಸಡಿಲವಾಗಿತ್ತು. ರಾಟೆಯನ್ನು ತುಸು ಎಳೆದು ನಟ್ಟು ಬಿಗಿದೆ, ಅಷ್ಟೇ.

ಸಂಜೆ ಅವಳೆದುರೇ ಒಂದೇ ಉಸಿರಿಗೆ ದಿಬ್ಬ ಏರಿಸಿದೆ.

"ನೋಡ್ದ್ಯಾ ವರ್ಲಿನ್, ಪೈ ಬಿಟ್ಟಿದ್ದಕ್ಕೆ ಎಷ್ಟು ಹಗುರ ಆಗಿದೀಯ. ನಾನು ಹೇಳ್ಲಿಲ್ವಾ?"

ನಾನು ಸುಳ್ಳು ಹೇಳಲಿಲ್ಲ, ಬೆಲ್ಟಿನ ಮಾತೂ ಎತ್ತಲಿಲ್ಲ. ಗೆದ್ದ ಖುಷಿಗೆ ಅವಳೇ ಪೈ ಬೇಯಿಸಿದಳು. ತಟ್ಟೆಗೆ ಕೈ ಚಾಚಿದಾಗ ನನ್ನ ಉಗುರಿನ ಸಂದಿಯ ಕಪ್ಪು ಗ್ರೀಸನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಇನ್ನೊಂದು ತುಂಡು ಹಾಕಿದಳು.

ಈಗ ಮಲಗುವ ಕೋಣೆಯಿಂದ ಕರೆಯುತ್ತಿದ್ದಾಳೆ. "ಬರೆದಿದ್ದು ಸಾಕು, ಬಾ. ನಾಳೆ ನನ್ನ ಹೊಲಿಗೆ ಮಿಷನ್ನಿನ ಬೆಲ್ಟೂ ಸ್ವಲ್ಪ ಬಿಗಿ ಮಾಡ್ಕೊಡು."