ಜಾಮ್ ಬಾಟಲಿಗೆ ಸುತ್ತಿದ ಹಾಳೆ

ಅಂಚೆಪೆಟ್ಟಿಗೆ ೪೧೭, ಯುರಾಲ್
ಡಿಸೆಂಬರ್ ೯, ೧೯೬೨

ಪ್ರೀತಿಯ ಅತ್ತೆಗೆ ಸೊಸೆ ಕಾಪಾಳ ನಮಸ್ಕಾರ.

ನಿಮ್ಮ ಮೂರು ಕಾಗದಗಳೂ ಬಂದವು. ಉತ್ತರ ಬರೆಯದಿದ್ದುದು ಸೊಕ್ಕಿನಿಂದಲ್ಲ, ಕ್ಷಮಿಸಿ. ಪೆನ್ನು ಹಿಡಿದು ಕೂತರೆ ಕೈ ಓಡುತ್ತಿರಲಿಲ್ಲ. ನಿಮ್ಮ ಮೊಮ್ಮಗಳು ಅಸ್ಯಾಳ ಮುಂದಿನ ಹಲ್ಲು ಬಿದ್ದಿದೆ. "ಅಜ್ಜಿಗೂ ಹಲ್ಲಿಲ್ಲ, ನಂಗೂ ಇಲ್ಲ, ಇಬ್ರೂ ಗಂಜಿನೇ ಕುಡೀಬೇಕು" ಎಂದು ನಗುತ್ತಾಳೆ. ಈ ಮನೆಯಲ್ಲಿ ನಗುವವಳು ಅವಳೊಬ್ಬಳೇ.

ಪೊಲೀಸರು ನಿಮ್ಮನ್ನೂ ಕರೆಸಿ ವಿಚಾರಿಸಿದರಂತೆ. "ದೇಶ ಮಾರುವ ಮಗನನ್ನು ನಾನು ಹೆತ್ತಿಲ್ಲ, ಅವನ ಹೆಸರೆತ್ತಬೇಡ" ಎಂದು ಬರೆದಿದ್ದೀರಿ. ನಡೆದದ್ದು ಇಷ್ಟು.

ಅಕ್ಟೋಬರ್ ಕೊನೆ. ಕ್ಯೂಬಾದ ವಿಷಯಕ್ಕೆ ಅಮೆರಿಕದವರು ಬಾಂಬು ಹಾಕಿಯೇಬಿಡುತ್ತಾರೆಂದು ಊರೆಲ್ಲ ಉಸಿರು ಬಿಗಿಹಿಡಿದಿತ್ತು. ನಿಮಗೆ ಕಾಯಿಲೆಯೆಂದು ನಿಮ್ಮ ಮಗ ರೋದಿಯಾನ್ ಕಾಡಿಬೇಡಿ ಮೂರು ದಿನ ರಜೆ ಪಡೆದು ಹೊರಟರು. ನಾನೂ ಅಸ್ಯಾಳೂ ಗುಟ್ಟು ಹೊರಹೋಗದಂತೆ ಊರ ಸುತ್ತ ಹಾಕಿರುವ ಬೇಲಿಯ ಬಾಗಿಲತನಕ ಹೋಗಿದ್ದೆವು. ಕಾವಲಿನವರು ಚೀಲ ಬಿಚ್ಚಿಸಿದರು. ನಿಮಗೆಂದು ಇಟ್ಟಿದ್ದ ಜಾಮ್ ಬಾಟಲಿಗೆ ಸುತ್ತಿದ್ದುದು ನಾವಿಬ್ಬರೂ ಕೆಲಸ ಮಾಡುವ ಕಚೇರಿಯ ಹಾಳೆ, ಮೇಲೆ ಇಲ್ಲಿ ತಯಾರಾಗುವ ಬಾಂಬಿನ ಅಂಕಿಗಳು. ಬೇಡವಾದ ಹಾಳೆಗಳನ್ನು ಎಣಿಸಿ, ಸುಟ್ಟು, ಇಬ್ಬರು ಸಹಿ ಹಾಕಬೇಕೆಂಬುದು ಇಲ್ಲಿಯ ಕಟ್ಟಳೆ. ಆ ದಿನದ ಸಹಿ ಅವರದು ಮತ್ತು ನನ್ನದು.

"ಯಾವ ಅಮೆರಿಕದವ್ನಿಗೆ ಕೊಡೋಕೆ ಹೊರಟಿದ್ದೆ?" ಎಂದು ಅಧಿಕಾರಿ ಗದರಿದ.

"ನಮ್ಮಮ್ಮಂಗೆ ಕಣ್ರೀ ಜಾಮು. ಬಾಟ್ಲಿ ಒಡೀಬಾರ್ದು ಅಂತ ನಾನೇ ಹಾಳೆ ಎತ್ಕೊಂಡೆ. ಇವ್ಳಿಗೇನೂ ಗೊತ್ತಿಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಮಗೂನ ಮನೆಗೆ ಕರ್ಕೊಂಡ್ಹೋಗು ಕಾಪಾ, ಚಳಿ" ಎಂದರು. ನಾನು ಹೋದೆ.

ಅವತ್ತಿನಿಂದ ಅವರು ಸೆರೆಯಲ್ಲಿದ್ದಾರೆ, ಜಾಮಿನ ಮಾತನ್ನು ಯಾರೂ ನಂಬುತ್ತಿಲ್ಲ. ಈ ತಿಂಗಳ ಹದಿನೇಳಕ್ಕೆ ತೀರ್ಪು. ಗೂಢಚಾರನಿಗೆ ಗುಂಡೇ ಎಂದು ಪಕ್ಕದ ಮನೆಯವರು ನನಗೆ ಕೇಳುವಂತೆಯೇ ಆಡಿಕೊಳ್ಳುತ್ತಾರೆ. ಸಾಕಾಗಿಹೋಗಿದೆ ಅತ್ತೆ. ನಿಮ್ಮ ಆರೋಗ್ಯ ನೋಡಿಕೊಳ್ಳಿ, ಮೊಮ್ಮಗಳನ್ನು ಹರಸಿ.

ನಿಮ್ಮ ಸೊಸೆ,
ಕಾಪಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಹಾಳೆ ಎತ್ತಿಟ್ಟುಕೊಂಡವಳು ನಾನು. ಮೆತ್ತಗಿದೆ, ಬಾಟಲಿಗೆ ಆಗುತ್ತದೆ ಎಂದಷ್ಟೇ ಅನ್ನಿಸಿತ್ತು. ಹೆಂಡತಿ ಎಣಿಸಿದ್ದನ್ನು ಮತ್ತೇನು ಎಣಿಸುವುದೆಂದು ಅವರು ಕಣ್ಣುಮುಚ್ಚಿ ಸಹಿ ಹಾಕಿದರು. ನೀವು ಹೆತ್ತ ಮಗ ಮಾಡಿದ ತಪ್ಪು ಅದೊಂದೇ. ಇಲ್ಲಿಂದ ಹೋಗುವ ಪ್ರತಿ ಕಾಗದವನ್ನೂ ಮೊದಲು ಕಾವಲಿನವರು ಬಿಚ್ಚಿ ಓದುತ್ತಾರೆ. ಅದು ಗೊತ್ತಿದ್ದೇ ಬರೆದಿದ್ದೇನೆ. ಅಸ್ಯಾಳ ಬಟ್ಟೆ ಗಂಟು ಕಟ್ಟಿಟ್ಟಿದ್ದೇನೆ, ಬಂದು ಕರೆದುಕೊಂಡು ಹೋಗಿ.