ಮೂಗುಬೊಟ್ಟು ಬಲಕ್ಕೆ ಬಂದದ್ದು

ಹಾಥರಸ್
೨೨ ನವೆಂಬರ್ ೨೦೨೩, ಬುಧವಾರ

ಪ್ರೀತಿಯ ಜೀಜಿಗೆ,

ನಿನ್ನ ಕಾಲಿಗೆ ಬಿದ್ದು ತಮ್ಮ ಗಿರ್ರಾಜ್ ಬರೆಯುವ ಕಾಗದ. ಲಕೋಟೆಯ ಮೇಲಿನ ಅಕ್ಷರ ನನ್ನದಲ್ಲ, ಅಂಚೆ ಕಚೇರಿಯಲ್ಲಿ ಯಾರನ್ನೋ ಕಾಡಿ ಬೇಡಿ ಬರೆಸಿದ್ದು. ನನ್ನ ಕಾಗೆಕಾಲು ಗುಬ್ಬಿಕಾಲು ಕಂಡರೆ ಒಡೆಯದೆ ಒಲೆಗೆ ಹಾಕುತ್ತೀಯ ಎಂದು ಗೊತ್ತು. ಈಗ ಒಡೆದದ್ದಾಯಿತು, ಇನ್ನು ಬೈದುಕೊಂಡಾದರೂ ಓದು. ಮೊಣಕಾಲು ಹೇಗಿದೆ? ಚಳಿ ಶುರುವಾಯಿತು, ಮಥುರಾದಲ್ಲಿ ಯಮುನೆಯ ಕಡೆಯ ಗಾಳಿ ನಿನಗೆ ಆಗದು, ಸಾಸಿವೆ ಎಣ್ಣೆ ಹಚ್ಚಿಸಿಕೊಳ್ಳುವುದಕ್ಕೆ ಸೋಮಾರಿತನ ಮಾಡಬೇಡ. ಎಡಗಣ್ಣಿನ ಪೊರೆ ತೆಗೆಸಿದೆಯಂತೆ. ನಿನ್ನ ಸೊಸೆ ಮಿಥ್ಲೇಶ್ ನನ್ನ ಹೆಂಡತಿಗೆ ಫೋನಿನಲ್ಲಿ ಹೇಳಿದಳು. "ಮಾವನಿಗೆ ಹೇಳ್ಬೇಡ ಅಂತ ಅತ್ತೆ ಆಣೆ ಹಾಕಿಸ್ಕೊಂಡಿದಾರೆ" ಅಂತಲೂ ಹೇಳಿದಳಂತೆ. ಅವಳನ್ನು ಬೈಯಬೇಡ. ಪೊರೆ ತೆಗೆಸಿದ ಕಣ್ಣಿಗೆ ಮೊದಲು ಬಿದ್ದದ್ದು ಆಗ್ರಾ ಕೋರ್ಟಿನ ತೀರ್ಪಿನ ಪ್ರತಿಯಂತೆ. ಅದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಇಲ್ಲಿ ಎಲ್ಲರೂ ಆರೋಗ್ಯ. ನನ್ನ ಮಗ ಯತೇಂದ್ರ ಇಂಗು ಒಣಗಿಸುವ ಹೊಸ ಯಂತ್ರ ತರಿಸಿದ್ದಾನೆ, ಅದರ ಸದ್ದಿಗೆ ಪಾರಿವಾಳಗಳೆಲ್ಲ ಓಡಿಹೋದವು. ತೀರ್ಪು ಬಂದ ದಿನ ಅವನು ಓಣಿಗೆಲ್ಲ ರಬಡಿ ಹಂಚಿಸಿದ. ಬಜಾರಿನಲ್ಲಿ ಜನ ನನ್ನ ಕೈ ಕುಲುಕಿ, "ಲಾಲಾಜಿ, ಕೇಸು ಗೆದ್ದು ಡಬ್ಬಿ ಮಾರ್ಕು ಉಳಿಸ್ಕೊಂಡ್ರಿ, ಭಲೇ!" ಎನ್ನುತ್ತಾರೆ. ನನಗೆ ಸಕ್ಕರೆ ಕಾಯಿಲೆ ಎಂದು ಸುಳ್ಳು ಹೇಳಿ ರಬಡಿ ತಪ್ಪಿಸಿಕೊಂಡೆ. ಸುಳ್ಳು ಹೇಳುವುದು ಈಗೀಗ ನನಗೆ ಸಲೀಸಾಗಿದೆ ನೋಡು.

ಹೋದ ಬುಧವಾರ, ಅಕ್ಕ ತಮ್ಮನ ಹಣೆಗೆ ತಿಲಕವಿಡುವ ಭಾಯಿದೂಜಿನ ದಿನ, ನಾನು ಮಥುರಾಕ್ಕೆ ಬಂದಿದ್ದೆ. ಇದು ನಿನಗೆ ಗೊತ್ತಿಲ್ಲ. ಬೆಳಗಿನ ಬಸ್ಸು ಹಿಡಿದು ವಿಶ್ರಾಮ ಘಾಟಿಗೆ ಹೋದೆ. ಅಕ್ಕ ತಮ್ಮಂದಿರು ಕೈ ಕೈ ಹಿಡಿದು ನೀರಿಗಿಳಿಯುತ್ತಿದ್ದರು. ನೀನು ಮೇಲಿನ ಮೆಟ್ಟಿಲ ಮೇಲೆ ಕೂತಿದ್ದೆ, ಮಡಿಲಲ್ಲಿ ತಟ್ಟೆ, ತಟ್ಟೆಯಲ್ಲಿ ಕುಂಕುಮ, ಅಕ್ಷತೆ, ಒಣ ಕೊಬ್ಬರಿ. ಯಾರಿಗೆಂದು ತಂದಿದ್ದೆ ಜೀಜಿ? ಐವತ್ತು ವರ್ಷದಲ್ಲಿ ನಿನ್ನ ತಟ್ಟೆಗೆ ನನ್ನ ಹಣೆ ಬಿಟ್ಟರೆ ಬೇರೆ ಹಣೆ ಇರಲಿಲ್ಲ. ನಾನು ಹೂ ಮಾರುವವನ ಬುಟ್ಟಿಗಳ ಹಿಂದೆ ನಿಂತು ನೋಡಿದೆ. ಯಾವುದೋ ಅಜ್ಜಿ ನನ್ನನ್ನು ಕಂಡು, "ಯಾಕಪ್ಪಾ, ಅಕ್ಕ ಬಂದಿಲ್ವಾ? ಬಾ ಇಲ್ಲಿ, ನಾನೇ ಇಡ್ತೀನಿ ತಿಲಕ. ಅಕ್ಕ ಅನ್ನೋರು ಯಾರಾದ್ರೇನು?" ಎಂದಳು. ಅರವತ್ಮೂರು ವರ್ಷದ ನಾನು ಅಲ್ಲಿಂದ ಕಾಲಿಗೆ ಬುದ್ಧಿ ಹೇಳಿದೆ. ಬಸ್ಸಿನಲ್ಲಿ ಹಾಥರಸ್ ಬರುವವರೆಗೂ ತಲೆ ಎತ್ತಲಿಲ್ಲ.

ಅಂದಿನಿಂದ ಹಳೆಯದೆಲ್ಲ ಒಂದೊಂದಾಗಿ ನೆನಪಾಗುತ್ತಿದೆ. ಅಪ್ಪ ಹೋದಾಗ ನನಗೆ ಒಂಬತ್ತು, ನಿನಗೆ ಹದಿನೇಳು. ಕಾಬೂಲಿನಿಂದ ಬಂದ ಹಸಿ ಇಂಗನ್ನು ಗೋಂದಿನ ನೀರಲ್ಲಿ ನೆನೆಹಾಕಿ, ಮೈದಾ ಸೇರಿಸಿ, ಮೊಣಕೈವರೆಗೆ ಮುಳುಗಿಸಿ ನಾದುತ್ತಿದ್ದವಳು ನೀನು. ಅಮ್ಮ ಮೂಗಿಗೆ ಸೆರಗು ಮುಚ್ಚಿಕೊಂಡು ಅಳುತ್ತಿದ್ದಳು: "ಈ ವಾಸನೆ ಹೊತ್ತ ಹುಡುಗೀನ ಯಾರು ಮದುವೆ ಆಗ್ತಾರೆ?" ಅಮ್ಮ ಹೇಳಿದ್ದೇ ಆಯಿತು. ಕಾಸ್‌ಗಂಜಿನ ಗಂಡಿನ ಕಡೆಯವರಿಗೆ ಕಳಿಸಲೆಂದು ಸ್ಟುಡಿಯೋದಲ್ಲಿ ನಿನ್ನ ಫೋಟೋ ತೆಗೆಸಿದೆವು. ಅವರು ಫೋಟೋ ಮೆಚ್ಚಿ, ಮನೆಗೆ ಬಂದು ನಿನ್ನ ಕೈಯಿಂದ ನೀರು ಕುಡಿದು, ಒಲ್ಲೆವೆಂದು ಹೋದರು. ಫೋಟೋ ವಾಪಸು ಬಂತು. ನೀನು ಅದನ್ನು ನನ್ನ ಕೈಗಿಟ್ಟು, "ಮದುವೆಗಾಗದ ಫೋಟೋ ಇಂಗಿನ ಡಬ್ಬಿಗಾದ್ರೂ ಆಗ್ಲಿ, ಅಚ್ಚು ಕೆತ್ತೋ ಬಫಾತಿ ಮಿಯಾಗೆ ಕೊಟ್ಟು ಬಾ" ಎಂದೆ. ಅಷ್ಟು ಹೊತ್ತಿಗೆ ಅರ್ಧ ಊರಿನ ಮಕ್ಕಳು "ಜೀಜಿಯ ಇಂಗು ಕೊಡಿ" ಎಂದೇ ನಮ್ಮ ಬಾಗಿಲಿಗೆ ಬರುತ್ತಿದ್ದರು. ಚಂದ್ರವತಿ ಎಂಬ ನಿನ್ನ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿತ್ತು. ಹಾಗಾಗಿ ಡಬ್ಬಿಗೆ ಬೇರೆ ಹೆಸರು ಹುಡುಕಬೇಕಾಗಲೇ ಇಲ್ಲ.

ಬಫಾತಿ ಮಿಯಾ ಮರದ ಅಚ್ಚು ಕೆತ್ತಿದ. ಕಾಗದದ ಮೇಲೆ ನೆಟ್ಟಗೆ ಬರಬೇಕಾದರೆ ಅಚ್ಚಿನಲ್ಲಿ ಎಲ್ಲವೂ ತಿರುಗುಮುರುಗಾಗಿ ಇರಬೇಕಲ್ಲ. ಅವನು ಅಕ್ಷರಗಳನ್ನು ಸರಿಯಾಗಿ ತಿರುಗಿಸಿ ಕೆತ್ತಿದ, ಮುಖವನ್ನು ಮಾತ್ರ ಫೋಟೋದಲ್ಲಿ ಕಂಡಂತೆಯೇ ಕೆತ್ತಿಬಿಟ್ಟ. ಮೊದಲ ಹಾಳೆ ಅಚ್ಚಾಗಿ ಬಂದಾಗ ನಿನ್ನ ಎಡಮೂಗಿನ ಬೊಟ್ಟು ಬಲಕ್ಕೆ ಹೋಗಿತ್ತು. ಅಮ್ಮ ಅಪಶಕುನ ಎಂದು ಹಣೆ ಚಚ್ಚಿಕೊಂಡಳು. ಬಫಾತಿ ತಲೆ ಕೆರೆದುಕೊಂಡು, "ಅಕ್ಷರ ತಿರುಗ್ಸೋದು ಜ್ಞಾಪಕ ಇತ್ತಮ್ಮಾ. ಮುಖಾನ ಯಾರು ಓದ್ತಾರೆ ಅಂತ ಹಾಗೇ ಬಿಟ್ಟೆ" ಎಂದ. ನೀನು ನಕ್ಕು ನಕ್ಕು ನೆಲಕ್ಕೆ ಕೂತು, "ಸೂಜಿ ಇಲ್ದೆ ಮೂಗು ಚುಚ್ಚಿದ್ರಲ್ಲ ಮಿಯಾ, ನೋವೇ ಆಗ್ಲಿಲ್ಲ!" ಎಂದೆ. ನಾನೂ ನಕ್ಕೆ. ಇನ್ನೊಂದು ಅಚ್ಚು ಕೆತ್ತಿಸುವ ತಾಕತ್ತು ನಮಗಿರಲಿಲ್ಲ, ಅದೇ ನಿಂತಿತು. ನೀನು ಮದುವೆಯಾಗಿ ಮಥುರಾಕ್ಕೆ ಹೋದೆ. ಎಂಟು ವರ್ಷದ ಮೇಲೆ ನಾನು ಜೀಜಿ ಮಾರ್ಕನ್ನು ನನ್ನ ಹೆಸರಿನಲ್ಲಿ ನೋಂದಾಯಿಸಿಕೊಂಡೆ. ನಿನಗೊಂದು ಮಾತು ಹೇಳಬೇಕೆಂದು ಆಗ ಹೊಳೆಯಲೂ ಇಲ್ಲ. ನಮ್ಮದು ಅಂದರೆ ನಮ್ಮಿಬ್ಬರದು ಎಂದುಕೊಂಡಿದ್ದೆ ಅಂತ ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ, ಆದರೆ ನೋಂದಣಿ ಕಾಗದದಲ್ಲಿ ಒಬ್ಬನದೇ ಹೆಸರಿದೆ.

ನಿನ್ನ ಮಗ ತೀರಿಕೊಂಡ ಮೇಲೆ ನೀನೂ ಮಿಥ್ಲೇಶಳೂ ಹೊಟ್ಟೆಪಾಡಿಗೆ ಮತ್ತೆ ಇಂಗು ನಾದಲು ಕೂತಾಗ, ಡಬ್ಬಿಯ ಮೇಲೆ 'ಜೀಜಿ' ಎಂದು ಬರೆಯದೆ ಇನ್ನೇನು ಬರೆಯಬೇಕಿತ್ತು? ಯತೇಂದ್ರ ನೋಟಿಸು ಕಳಿಸಿದ ದಿನ ನಾನು ತಡೆಯಬಹುದಿತ್ತು. ತಡೆಯಲಿಲ್ಲ. ಕಾರಣ ಹೇಳುತ್ತೇನೆ, ನಾಚಿಕೆಯಾಗುತ್ತದೆ. ಮಥುರಾದ ಕಚೋರಿ ಅಂಗಡಿಯವನೊಬ್ಬ ನಾನು ಯಾರೆಂದು ತಿಳಿಯದೆ ನನ್ನೆದುರಿಗೇ, "ಹಾಥರಸ್ಸಿನ ಜೀಜಿ ಈಗ ಬರೀ ಹಿಟ್ಟು ಕಣ್ರೀ, ನಮ್ಮೂರ ಜೀಜಿದು ನೋಡಿ, ಚಿಟಿಕೆ ಸಾಕು" ಎಂದಿದ್ದ. ಅವನು ಹೇಳಿದ್ದು ನಿಜ. ನಮ್ಮದರಲ್ಲಿ ವರ್ಷದಿಂದ ವರ್ಷಕ್ಕೆ ಮೈದಾ ಹೆಚ್ಚಾಗುತ್ತಿದೆ, ನಾನೇ ಹೆಚ್ಚಿಸಿದ್ದು. ಆ ಮಾತು ಮುಳ್ಳಿನ ಹಾಗೆ ಕೂತಿತ್ತು. ಯತೇಂದ್ರನ ಸಿಟ್ಟು ವ್ಯಾಪಾರದ್ದು, ನನ್ನದು ಹೊಟ್ಟೆಕಿಚ್ಚು.

ವಿಚಾರಣೆಯ ಹಿಂದಿನ ದಿನ ನಮ್ಮ ವಕೀಲ ಕುಲಶ್ರೇಷ್ಠ ನನ್ನನ್ನು ಕೂರಿಸಿಕೊಂಡು ತಿಳಿಸಿ ಹೇಳಿದ. ಬದುಕಿರುವವರ ಚಿತ್ರವನ್ನು ಮಾರ್ಕಿಗೆ ಹಾಕಿದರೆ ಅವರ ಲಿಖಿತ ಒಪ್ಪಿಗೆ ಕೇಳುತ್ತಾರಂತೆ. ಚಿತ್ರ ನಿನ್ನದು ಎಂದಾದರೆ, ಒಪ್ಪಿಗೆ ಇಲ್ಲವೆಂದಾದರೆ, ನೋಂದಣಿಯ ಬುಡವೇ ಅಲ್ಲಾಡುತ್ತದಂತೆ. ಯತೇಂದ್ರ ನನ್ನ ಭುಜ ಹಿಡಿದು, "ಅಪ್ಪಾ, ನಲವತ್ತು ಮನೆ ಒಲೆ ಉರೀತಿದೆ ಈ ಮಾರ್ಕಿಂದ. ನೀವೊಂದ್ ಮಾತು ಹೆಚ್ಚುಕಮ್ಮಿ ಆಡಿದ್ರೆ ಎಲ್ಲಾ ಮುಳುಗುತ್ತೆ. ಅತ್ತೆಗೆ ಆಮೇಲೆ ಏನಾದ್ರೂ ವ್ಯವಸ್ಥೆ ಮಾಡೋಣ" ಎಂದ. ನಾನು ತಲೆಯಾಡಿಸಿದೆ.

ಸಾಕ್ಷಿಕಟ್ಟೆಯಲ್ಲಿ ನಡೆದದ್ದು ನಿನ್ನ ಕಣ್ಣೆದುರಿಗೇ ನಡೆದದ್ದು, ಆದರೂ ನನ್ನ ಕೈಯಾರೆ ಒಮ್ಮೆ ಬರೆಯಬೇಕು. ನಿನ್ನ ಕಡೆಯ ವಕೀಲೆ ಡಬ್ಬಿ ತೋರಿಸಿ, "ಈ ಹೆಂಗಸು ಯಾರು?" ಎಂದಳು. "ಯಾರೂ ಅಲ್ಲ, ಕೆತ್ತಿದವನ ಕಲ್ಪನೆ" ಎಂದೆ. ಕುಲಶ್ರೇಷ್ಠ ಎದ್ದು, ಚಿತ್ರದಲ್ಲಿ ಮೂಗುಬೊಟ್ಟು ಬಲಕ್ಕಿದೆ, ಪ್ರತಿವಾದಿಗೆ ಎಡಕ್ಕಿದೆ, ನೋಡಿ ಎಂದ. ಎಲ್ಲರೂ ನಿನ್ನ ಮುಖ ನೋಡಿದರು. ನಿನ್ನ ಕೈ ತಾನಾಗಿ ಮೂಗಿಗೆ ಹೋಯಿತು. ನೀನು, "ಬಫಾತಿ ಮುಖ ತಿರುಗ್ಸದೆ ಕೆತ್ತಿದ್ದು ಸ್ವಾಮೀ. ನಮ್ ಗಿರ್ರೂಗೆ ಗೊತ್ತು, ಅವನನ್ನೇ ಕೇಳಿ" ಎಂದೆ. ಅಷ್ಟು ನಂಬಿಕೆಯಿಂದ ಹೇಳಿದೆ ನೀನು, ನಾನು ಸಣ್ಣವನಿದ್ದಾಗ ಯಾರಾದರೂ ನಿನ್ನ ಮಾತು ನಂಬದಿದ್ದರೆ ನನ್ನನ್ನು ಮುಂದಕ್ಕೆ ತಳ್ಳುತ್ತಿದ್ದೆಯಲ್ಲ, ಹಾಗೆ. ಜಡ್ಜ್ ಸಾಹೇಬರು ನನ್ನ ಕಡೆ ತಿರುಗಿ, "ಗೊತ್ತಾ?" ಎಂದರು. ನಾನು "ನೆನಪಿಲ್ಲ" ಎಂದೆ. ಹಳೇ ಅಚ್ಚು ಎಲ್ಲಿದೆ ಎಂದು ಕೇಳಿದ್ದಕ್ಕೆ, "ಎಂದೋ ಕಳೆದುಹೋಯಿತು" ಎಂದೆ. ಕಳೆದಿಲ್ಲ ಜೀಜಿ. ಅಮ್ಮ ಸಾಯುವ ಮೊದಲು ಅದನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ದೇವರ ಗೂಡಿನಲ್ಲಿಟ್ಟಿದ್ದಳು, ಇವತ್ತಿಗೂ ಅಲ್ಲೇ ಇದೆ. ಕೋರ್ಟಿಗೆ ಹೊರಟ ಬೆಳಿಗ್ಗೆ ಅದರ ಮುಂದೆಯೇ ದೀಪ ಹಚ್ಚಿ ಹೋಗಿದ್ದೆ.

ಜಡ್ಜ್ ಸಾಹೇಬರ ತಪ್ಪೇನೂ ಇಲ್ಲ, ಎದುರಿಗಿದ್ದ ಸಾಕ್ಷ್ಯ ನೋಡಿ ಬರೆದರು. ಯತೇಂದ್ರ ತೀರ್ಪನ್ನು ಹಿಂದಿಗೆ ಮಾಡಿಸಿ ನನಗೆ ಓದಿ ಹೇಳಿದ. ಚಿತ್ರ ಕಾಲ್ಪನಿಕ. 'ಜೀಜಿ' ಎಂಬುದು ಯಾರ ಹೆಸರೂ ಅಲ್ಲ, ಅಕ್ಕ ಎನ್ನುವ ನೆಂಟಸ್ತಿಕೆಯ ಮಾತು. ಪ್ರತಿವಾದಿಯ ಹೆಸರು ಚಂದ್ರವತಿ. ಆದ್ದರಿಂದ ಸ್ವಂತ ಹೆಸರನ್ನು ಬಳಸುತ್ತಿದ್ದೇನೆ ಎನ್ನಲು ಆಕೆಗೆ ಬರುವುದಿಲ್ಲ. ಇಂಗಿನ ಮಟ್ಟಿಗೆ ಆ ಪದ ವಾದಿಯದು. ವಾದಿ ಅಂದರೆ ನಾನು. ಜೀಜಿ ಎಂದು ಕರೆಯಲು ನಾನು ಕಲಿತದ್ದು ನಿನ್ನನ್ನು ನೋಡಿ, ಈಗ ಆ ಪದ ನನ್ನದು, ನೀನು ಅದನ್ನು ಬಳಸಕೂಡದು. ಕೋರ್ಟಿನ ಅಮೀನ ಬಂದು ನಿನ್ನ ಡಬ್ಬಿಗಳನ್ನೆಲ್ಲ ಮೂಟೆ ಕಟ್ಟಿ ಮೊಹರು ಒತ್ತಿ ಹೋದನಂತೆ. ನೀನು ಅವನಿಗೆ ಚಹಾ ಮಾಡಿಕೊಟ್ಟೆಯಂತೆ. ನೀನು ಕೊಡದೆ ಇರುತ್ತೀಯಾ?

ನಿನಗೆ ಬೇರೊಂದು ಹೆಸರು ಹುಡುಕಿಕೊಡೋಣ ಎಂದು ನಾಲ್ಕು ದಿನ ಕೂತು ಯೋಚಿಸಿದೆ. ಚಂದ್ರಾ ಇಂಗು, ಯಮುನಾ ಇಂಗು, ಏನೇನೋ ಬರೆದೆ. ಬರೆದದ್ದನ್ನೆಲ್ಲ ಹರಿದು ಹಾಕಿದೆ. ನಿನ್ನ ಹೆಸರು ಕಿತ್ತುಕೊಂಡವನೇ ನಿನಗೆ ಹೆಸರಿಡಲು ಹೊರಟಿದ್ದೇನಲ್ಲ ಎಂದು ನನಗೇ ಹೇಸಿಗೆಯಾಯಿತು. ಕ್ಷಮಿಸು ಎಂದು ಕೇಳುವುದೂ ಈಗ ಬೇಡ, ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ನನಗೆ ಅದು ಅಗ್ಗವಾಗಿ ಸಿಕ್ಕಂತಾಗುತ್ತದೆ.

ಕಣ್ಣಿಗೆ ಹೊಗೆ ತಾಗಿಸಿಕೊಳ್ಳಬೇಡ. ತಿಂಗಳೊಪ್ಪತ್ತು ಒಲೆ ಮಿಥ್ಲೇಶ್ ನೋಡಿಕೊಳ್ಳಲಿ, ಅವಳಿಗೆ ನನ್ನ ಆಶೀರ್ವಾದ. ನನ್ನ ಹೆಂಡತಿ ನಿನಗೆ ನಮಸ್ಕಾರ ಹೇಳಿದ್ದಾಳೆ. ತೀರ್ಪು ಬಂದ ಆರನೇ ಅಕ್ಟೋಬರಿನಿಂದ ಅವಳು ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ, ಇದು ನಿನಗೆ ಸ್ವಲ್ಪ ಸಮಾಧಾನ ತರಬಹುದು.

ನಿನ್ನ ಪಾದ ಮುಟ್ಟುವ ಯೋಗ್ಯತೆ ಇಲ್ಲದೆಯೂ ಮುಟ್ಟುತ್ತಿರುವ,
ಗಿರ್ರೂ
(ಗಿರ್ರಾಜ್ ಕಿಶೋರ್ ವಾರ್ಷ್ಣೇಯ)

ಮರೆತೆ: ಅಂಚೆ ಪೆಟ್ಟಿಗೆ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ನಿನ್ನೆ ಅಲಿಗಢಕ್ಕೆ ಹೋಗಿ, ಗುರುತಿಲ್ಲದ ನೋಟರಿಯ ಮುಂದೆ, ಕೋರ್ಟಿನಲ್ಲಿ ಹೇಳಿದ್ದು ಸುಳ್ಳು, ಚಿತ್ರ ನನ್ನ ಅಕ್ಕನದು ಎಂದು ನಾಲ್ಕು ಪುಟ ಪ್ರಮಾಣ ಮಾಡಿ ಸಹಿ ಹಾಕಿದ್ದೇನೆ. ಅದು ನಿನ್ನ ವಕೀಲೆಗೆ ರಿಜಿಸ್ಟರ್ ಅಂಚೆಯಲ್ಲಿ ಹೋಗಿದೆ. ಸುಳ್ಳು ಸಾಕ್ಷಿಗೆ ಜೈಲೂ ಆಗಬಹುದು ಎಂದು ನೋಟರಿ ಎರಡು ಸಲ ಎಚ್ಚರಿಸಿದ, ಆಗಲಿ. ಯತೇಂದ್ರನಿಗೆ ಗೊತ್ತಿಲ್ಲ, ಇವತ್ತು ಸಂಜೆ ಊಟಕ್ಕೆ ಕೂತಾಗ ಹೇಳುತ್ತೇನೆ. ವ್ಯವಹಾರ ಈಗ ಪೂರಾ ಅವನ ಕೈಯಲ್ಲಿದೆ, ನನ್ನ ಹೆಸರಿನಲ್ಲಿದ್ದರೂ ಮಾರ್ಕು ಅಪ್ಪ ಮಗನ ಪಾಲುದಾರಿಕೆಗೆ ಸೇರಿದ್ದು, ಅವನ ಸಹಿ ಇಲ್ಲದೆ ನಾನು ಬಿಟ್ಟುಕೊಡುತ್ತೇನೆ ಎಂದರೆ ಆಗುವುದಿಲ್ಲ, ಮೇಲಿನ ಕೋರ್ಟೇ ಹೇಳಬೇಕು. ಮೇಲ್ಮನವಿಗೆ ಡಿಸೆಂಬರ್ ಐದು ಕೊನೆಯ ದಿನ, ಆಮೇಲೆ ನಿನ್ನ ಡಬ್ಬಿಗಳನ್ನು ಸುಡುತ್ತಾರೆ. ತಮ್ಮನ ಮೇಲೆ ಕೋರ್ಟಿಗೆ ಹೋಗಲಾರೆ, ಆದದ್ದಾಯಿತು ಎಂದು ನೀನು ಮಿಥ್ಲೇಶಳಿಗೆ ಹೇಳಿದ್ದೀಯಂತೆ. ಆ ದೊಡ್ಡತನ ಈಗ ಬೇಡ ಜೀಜಿ. ಹೋಗು, ನನ್ನ ಮೇಲೆ ಅರ್ಜಿ ಹಾಕು. ನಾನು ಸೋಲಬೇಕು, ನೀನು ಎದುರಿಗೆ ನಿಲ್ಲದೆ ನಾನೊಬ್ಬನೇ ಹೇಗೆ ಸೋಲಲಿ?