ಡ್ರಮ್ಮಿನ ಮೇಲಿದ್ದ ಹೆಸರು

೫ ನವೆಂಬರ್, ಬೆಳಿಗ್ಗೆ

ದೀಪಾವಳಿಯ ಗಲಾಟೆ ಮುಗಿಯಿತು. ಜನರ ದೀಪದ ಕಂಬ, ಕೊಡ, ಆರತಿ ತಟ್ಟೆ ಎಲ್ಲ ಪಾಲಿಶ್ ಆಗಿ ಅವರವರ ಮನೆ ಸೇರಿದವು. ಶೆಡ್ಡಿನಲ್ಲಿ ಈಗ ನನ್ನ ಪ್ರೀತಿಯ ಕೆಲಸ ಮಾತ್ರ. ಹಳೆಯ ಸ್ನೇರ್ ಡ್ರಮ್ಮುಗಳು. ಬ್ಯಾಂಡಿನವರು ಸೊಂಟದ ಪಕ್ಕಕ್ಕೆ ನೇತುಹಾಕಿಕೊಂಡು ಬಾರಿಸುತ್ತಾರಲ್ಲ, ಅವು. ಊರಿನಲ್ಲಿ ಸೈಡ್ ಡ್ರಮ್ ಎಂದರೆ ಮಾತ್ರ ಗೊತ್ತಾಗುತ್ತದೆ.

ಶಾಲೆಯೊಂದರ ಡ್ರಮ್ ಬಿಚ್ಚಿದೆ. ಒಳ್ಳೆಯ ಹಿತ್ತಾಳೆಯ ಮೇಲೆ ಯಾರೋ ಪುಣ್ಯಾತ್ಮ ಬೆಳ್ಳಿ ಬಣ್ಣ ಬಳಿದಿದ್ದಾನೆ. ಗೇಟಿಗೆ ಬಳಿದು ಮಿಕ್ಕಿದ್ದಿರಬೇಕು. ಅವನ ಕೈಗೆ ಹುಳ ಬೀಳಲಿ. ಥಿನ್ನರ್ ಹಾಕಿ ಉಜ್ಜಿ ಉಜ್ಜಿ ಭುಜ ಬಿದ್ದುಹೋಯಿತು.

ಭೂಮಿಕಾ ಚಹಾ ತಂದವಳು ಹೇಳಿದಳು, "ಹೆಂಡ್ತಿ ಮುಖ ಇಷ್ಟು ಹೊತ್ತು ನೋಡಿದ್ದುಂಟಾ ನೀವು?" ನೋಡಿದರೆ ಮುಖ ಕಾಣಬೇಕು, ಹಾಗೆ ಹೊಳೆಯಬೇಕು ಎಂದೆ. ಲೋಟ ಕುಕ್ಕಿ ಹೋದಳು.

೬ ನವೆಂಬರ್, ಸಂಜೆ

ಭದ್ರಾವತಿಯಿಂದ ಒಬ್ಬರು ಬಂದಿದ್ದರು. ಶಾಂಭವಿ ಎಂದು, ಮನೆ ಜನ್ನಾಪುರ. ನಾನು ಹಾಕುವ ಪಾಲಿಶ್ ವಿಡಿಯೋ ನೋಡಿ ನಮ್ಮ ಬಡಾವಣೆ ಗೋಪಾಳದಲ್ಲಿ ಮೂರು ಕ್ರಾಸ್ ಸುತ್ತಿ ಹುಡುಕಿದರಂತೆ. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಡ್ರಮ್. ಅವರ ತಂದೆ ಷಣ್ಮುಖಪ್ಪನವರದು. ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಗ ಅಲ್ಲಿನ ಬ್ಯಾಂಡಿನಲ್ಲಿ ಬಾರಿಸುತ್ತಿದ್ದರಂತೆ.

"ಅಟ್ಟದ ಮೇಲೆ ಬಿದ್ದಿತ್ತು ಸಾರ್. ಅಪ್ಪಾಜಿಗೆ ಗೊತ್ತಿಲ್ಲದಂಗೆ ತಂದಿದೀನಿ. ಇಪ್ಪತ್ನಾಲ್ಕಕ್ಕೆ ಅವ್ರಿಗೆ ಎಂಬತ್ತು ತುಂಬ್ತದೆ. ಅವತ್ತು ಮುಂದಿಟ್ಟು ಒಂದ್ಸಲ ಬಾರಿಸಿ ಅನ್ನೋಣ ಅಂತ. ಹೊಸದರ ಹಂಗೆ ಮಾಡ್ಕೊಡ್ತೀರಾ?"

"ಹೊಸದೇ ನಾಚ್ಕೋಬೇಕು, ಹಂಗೆ ಮಾಡ್ಕೊಡ್ತೀನಿ," ಎಂದೆ. ನಕ್ಕರು.

ಹಸಿರು ಕಿಲುಬು ಹಿಡಿದಿದೆ. ಒಳಗೆ ಬಂಗಾರದಂಥ ಹಿತ್ತಾಳೆ. ಇಂಥ ದಪ್ಪ ತಗಡು ಈಗ ಸಿಗುವುದಿಲ್ಲ. ಕೈ ತುರಿಸುತ್ತಿದೆ.

೮ ನವೆಂಬರ್

ಇಡೀ ದಿನ ಜನ್ನಾಪುರದ ಡ್ರಮ್. ಮೊದಲು ಫೋಟೋ. ಚರ್ಮ ಬಿಗಿಯುವ ರಾಡುಗಳನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಹಾಕಿದೆ. ಹುಣಸೆಹುಳಿ, ಉಪ್ಪು ಹಚ್ಚಿ ಕಿಲುಬು ಬಿಡಿಸಿದೆ. ಒಂದು ಪಕ್ಕ ಮಾತ್ರ ವಿಪರೀತ ಸವೆದಿತ್ತು, ಯಾಕೋ. ಅದೇ ಪಕ್ಕದಲ್ಲಿ ಒಂದು ಹೆಸರು. ಮದುವೆ ಪಾತ್ರೆಗೆ ಉಳಿಯಿಂದ ಚುಕ್ಕಿ ಚುಕ್ಕಿ ಹೊಡೆಸುತ್ತಾರಲ್ಲ, ಹಾಗೆ — ಬಸವರಾಜೇಶ್ವರಿ. ಕೊನೆಯ ಅಕ್ಷರ ಸೊಟ್ಟ. ಸಾಲು ಬಿಟ್ಟು ಮೇಲಕ್ಕೆ ಹತ್ತಿದೆ. ಅದರದೂ ಒಂದು ಫೋಟೋ ಹೊಡೆದುಕೊಂಡೆ.

ಹೆಸರು ತೆಗೆದೆ. ಒಳಗೆ ಕಬ್ಬಿಣದ ಗುಂಡು ಒತ್ತಿ ಹಿಡಿದು, ಹೊರಗಿಂದ ಮೆಲ್ಲಗೆ ತಟ್ಟಿ, ಎಮರಿ ಕಾಗದ ಹಾಕಿ, ಆಮೇಲೆ ಮಷೀನಿನ ಬಟ್ಟೆಚಕ್ರಕ್ಕೆ ಒತ್ತಿ ಬಫಿಂಗ್. ಹೆಸರಿದ್ದ ಜಾಗ ಯಾವುದು ಎಂದು ಈಗ ನನಗೇ ಗೊತ್ತಾಗುವುದಿಲ್ಲ. ಗಾಂಧಿ ಬಜಾರಿನ ಪಾತ್ರೆ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದಾಗ ಮಾವ, ಭೂಮಿಕಾಳ ಅಪ್ಪ, ಹೇಳುತ್ತಿದ್ದರು, ಹೆಸರಿರುವ ಪಾತ್ರೆ ಅರ್ಧ ಹಳೆಯದು ಎಂದು. ಹಳೆಯ ಪಾತ್ರೆ ಬಂದರೆ ಮೊದಲ ಕೆಲಸವೇ ಹೆಸರು ಅಳಿಸುವುದು. ಮತ್ತೊಬ್ಬರ ಹೆಸರಿರುವ ಕೊಡವನ್ನು ಯಾರು ಕೊಳ್ಳುತ್ತಾರೆ? ನನ್ನಷ್ಟು ಚೆನ್ನಾಗಿ ಅಳಿಸುವವರು ಆ ಬೀದಿಯಲ್ಲೇ ಇರಲಿಲ್ಲ.

ಕೈ ಇನ್ನೂ ಹಾಗೇ ಇದೆ. ಖುಷಿಯಾಯಿತು.

೯ ನವೆಂಬರ್

ವಿಡಿಯೋ ಹಾಕಿದೆ. ಮೊದಲು ಹೇಗಿತ್ತು, ಈಗ ಹೇಗಿದೆ. ಡ್ರಮ್ಮನ್ನು ತಿರುಗುವ ಮಣೆಯ ಮೇಲಿಟ್ಟು ಬೆಳಕು ಬಿಟ್ಟೆ. ಒಂದು ಗೆರೆ ಇಲ್ಲ. ಹುಬ್ಬಳ್ಳಿಯವನೊಬ್ಬ 'ಕೈಯಲ್ಲ ಅದು, ಮಂತ್ರ' ಎಂದು ಬರೆದಿದ್ದಾನೆ. ಊಟದ ಹೊತ್ತಿಗೆ ಭೂಮಿಕಾಗೂ ಓದಿ ಹೇಳಿದೆ. ಸಾರಿನ ಹೊತ್ತಿಗೊಮ್ಮೆ, ಮಜ್ಜಿಗೆಯ ಹೊತ್ತಿಗೊಮ್ಮೆ.

೧೧ ನವೆಂಬರ್, ಮಧ್ಯಾಹ್ನ

ಶಾಂಭವಿ ಫೋನ್ ಮಾಡಿದ್ದರು.

ಅಟ್ಟದ ಮೇಲೆ ಡ್ರಮ್ ಇಲ್ಲದ್ದು ಅವರ ತಂದೆಗೆ ಗೊತ್ತಾಯಿತಂತೆ. ಹುಡುಕಾಡಿ ಊಟ ಬಿಟ್ಟು ಕೂತರಂತೆ. ಹೇಳಲೇಬೇಕಾಯಿತು ಎಂದು ನಕ್ಕರು. "ಬೈತಾರೆ ಅಂದ್ಕೊಂಡೆ ಸಾರ್. ಹೊಳೀಲಿ ಬಿಡು ಅಂದ್ರು. ಆದ್ರೆ ಹೆಸ್ರು ಮಾತ್ರ ಮುಟ್ಬಾರ್ದು ಅಂತ ಹೇಳು ಅಂದ್ರು. ಅಲ್ಲೊಂದು ಹೆಸ್ರಿದೆ ಅಂತ ನಂಗೇ ಗೊತ್ತಿರ್ಲಿಲ್ಲ ನೋಡಿ, ಅಷ್ಟು ಕಿಲುಬು. ನಮ್ಮಮ್ಮಂದಂತೆ."

ಆಮೇಲೆ ಪೂರ್ತಿ ಹೇಳಿದರು. ನಾನು ಕೇಳಿರಲಿಲ್ಲ. ಅವರ ತಾಯಿಯ ತಂದೆ ಮದುವೆಗೆ ಹಿತ್ತಾಳೆ ಹಂಡೆ ಕೊಡಿಸುತ್ತೇನೆ ಎಂದರಂತೆ. ಅಳಿಯ ಹಂಡೆ ಬೇಡ, ಡ್ರಮ್ ಕೊಡಿಸಿ ಎಂದರಂತೆ. ಹೆಸರು ಹೊಡೆಯುವವನು ಜಗುಲಿಯಲ್ಲಿ ಕೂತು ತಟ್ಟೆ, ಚೊಂಬು, ಕೊಡಗಳಿಗೆಲ್ಲ ಹೊಡೆಯುತ್ತಿದ್ದಾಗ ಮದುಮಗಳು ಡ್ರಮ್ಮನ್ನೂ ಎತ್ತಿಕೊಂಡು ಬಂದಳಂತೆ. ಹಂಡೆ ಬದಲು ಬಂದಿರೋದು, ಇದೂ ನನ್ನ ಪಾತ್ರೆನೇ, ಹಾಕು ಹೆಸರು, ಎಂದಳಂತೆ. ಕೊನೆಯ ಅಕ್ಷರಕ್ಕೆ ಉಳಿ ಕಸಿದುಕೊಂಡು ತಾನೇ ಹೊಡೆದಳಂತೆ.

"ಸೊಟ್ಟಗಿರ್ಬೇಕಲ್ಲ ಸಾರ್? ಅಮ್ಮ ಹೋಗಿ ಆರು ವರ್ಷ ಆಯ್ತು. ಇದ್ಯಲ್ಲ ಹೆಸ್ರು?"

"ಇದೆ," ಎಂದೆ. "ಮುಟ್ಟಿಲ್ಲ."

ಡ್ರಮ್ ಎದುರಿಗೇ ಇತ್ತು. ಅದರ ಮೇಲೆ ಒಂದು ಚುಕ್ಕಿಯೂ ಇರಲಿಲ್ಲ. ಯಾಕೆ ಹಾಗೆ ಹೇಳಿದೆ? ಅಳಿಸಿದ್ದಕ್ಕಾದರೂ ಹಳೆಯ ಚಾಳಿ ಎನ್ನಬಹುದು. ಹೊಸದರ ಹಾಗೆ ಮಾಡಿ ಎಂದವರು ನೀವೇ ಎನ್ನಬಹುದು. ಇದಕ್ಕೆ ಏನೆನ್ನಲಿ? ನಾಲಿಗೆ ತಾನಾಗಿಯೇ ಹೊರಳಿತು.

ಫೋನಿಟ್ಟು ಮೊದಲು ಮಾಡಿದ ಕೆಲಸ — ವಿಡಿಯೋ ತೆಗೆದುಹಾಕಿದ್ದು. ಅದೂ ಯಾಕೆಂದರೆ ಅವರು ನೋಡಿಬಿಟ್ಟಾರು ಎಂದು. ಕಳ್ಳನ ಬುದ್ಧಿ ಎಷ್ಟು ಚುರುಕು.

೧೭ ನವೆಂಬರ್

ಬರೆಯಲಿಲ್ಲ. ಕೆಲಸವನ್ನೂ ಮಾಡಲಿಲ್ಲ. ಡ್ರಮ್ಮಿನ ಮೇಲೆ ಅದೇ ಬೆಡ್‌ಶೀಟ್ ಹೊದಿಸಿಟ್ಟಿದ್ದೇನೆ. ಶಾಂಭವಿ ಎರಡು ಸಲ ಫೋನ್ ಮಾಡಿದರು. ಎತ್ತಲಿಲ್ಲ.

ಇವತ್ತು ಭೂಮಿಕಾ ಶೆಡ್ಡಿಗೆ ಬಂದು ಬಟ್ಟೆ ಎತ್ತಿ ನೋಡಿದಳು. ಹೇಳಿದೆ, ಎಲ್ಲವನ್ನೂ. ಬೈಯುತ್ತಾಳೆ ಎಂದುಕೊಂಡಿದ್ದೆ. ಒಳಗೆ ಹೋಗಿ ತನ್ನ ಮದುವೆಯ ಚೊಂಬು ತಂದು ಎದುರಿಗಿಟ್ಟಳು. ಕುತ್ತಿಗೆಯ ಮೇಲೆ ಅವಳ ಹೆಸರು, ತಾರೀಕು. ನಮ್ಮ ಮಾವ ತಾವೇ ಕೂತು ಹೊಡೆಸಿದ್ದು.

"ಅಪ್ಪ ಅಂಗಡಿಲಿ ಊರವರ ಹೆಸ್ರೆಲ್ಲ ಅಳಿಸ್ತಿದ್ರು. ಮನೇಲಿರೋದನ್ನ ಮುಟ್ಟಿದ್ರಾ? ಮಾರಕ್ಕೆ ಬಂದಿದ್ದು ಯಾವ್ದು, ಇಟ್ಕೊಳಕ್ಕೆ ಬಂದಿದ್ದು ಯಾವ್ದು ಅಂತ ಗೊತ್ತಾಗ್ಲಿಲ್ವಾ ನಿಮ್ಗೆ?"

ಗೊತ್ತಾಗುತ್ತಿತ್ತು. ಹೊಳಪು ಕೆಡುತ್ತದೆ ಎಂದು ತೆಗೆದೆ. ಇಲ್ಲಿ ಯಾರೂ ಓದುವುದಿಲ್ಲ, ಹಾಗಾಗಿ ಬರೆಯುತ್ತೇನೆ: ವಿಡಿಯೋದಲ್ಲಿ ಆ ಸೊಟ್ಟ ಅಕ್ಷರ ಕಾಣಬಾರದು ಎಂದು ತೆಗೆದೆ. ಚಾಳಿ ಗೀಳಿ ಎಲ್ಲ ಆಮೇಲೆ ಹುಟ್ಟಿದ್ದು. ನಾಚಿಕೆಯಾಗುತ್ತದೆ.

೧೯ ನವೆಂಬರ್

ಗೋವಿಂದನ ಹತ್ತಿರ ಹೋದೆ. ಬಜಾರಿನಲ್ಲಿ ಉಳಿ ಹಿಡಿದು ಹೆಸರು ಹೊಡೆಯುವವನು ಅವನೊಬ್ಬನೇ ಉಳಿದಿದ್ದಾನೆ. ಮಿಕ್ಕವರೆಲ್ಲ ಮಷೀನು. ಫೋನಿನಲ್ಲಿ ಹಳೆಯ ಫೋಟೋ ತೋರಿಸಿದೆ. ಇದ್ದ ಹಾಗೇ ಇದ್ದ ಜಾಗದಲ್ಲೇ ಬರಬೇಕು ಎಂದೆ.

"ಯಾರ್ದಣ್ಣ ಇದು?"

"ನಮ್ಮತ್ತೆದು," ಎಂದೆ.

ಇನ್ನೊಂದು ಸುಳ್ಳು. ಸತ್ತವರ ಜೊತೆ ನೆಂಟಸ್ತಿಕೆ ಬೇರೆ. ಭೂಮಿಕಾಗೆ ಹೇಳಿಲ್ಲ. ಶಾಂಭವಿಗೆ ಮೆಸೇಜ್ ಕಳಿಸಿದೆ: ಮುಗಿಯುತ್ತಾ ಬಂತು ಮೇಡಂ, ನಾನೇ ತಂದುಕೊಡುತ್ತೇನೆ. ಕೈ ಮುಗಿಯುವ ಚಿತ್ರ ಕಳಿಸಿದರು.

೨೦ ನವೆಂಬರ್, ಸಂಜೆ

ಗೋವಿಂದ ಕೆಲಸ ಮುಗಿಸಿ ಎದುರಿಗಿಟ್ಟ. ಅಕ್ಷರಗಳು ಮುತ್ತಿನಂತಿದ್ದವು. ಕೊನೆಯದೂ ಸೇರಿ ಎಲ್ಲ ಒಂದೇ ಸಾಲಿನಲ್ಲಿ.

"ಅದ್ಯಾವನೋ ಕೊನೇದನ್ನ ಸೊಟ್ಟಗೆ ಹೊಡ್ದಿದ್ದ. ನೆಟ್ಟಗೆ ಮಾಡಿದೀನಿ. ನೋಡಕ್ಕೆ ಲಕ್ಷಣ ಬೇಡ್ವಾ?"

ಕೂಗಾಡಿಬಿಟ್ಟೆ. ಫೋಟೋ ಯಾಕೆ ಕೊಟ್ಟಿದ್ದು ನಿನಗೆ? ನೆಟ್ಟಗೆ ಮಾಡು ಅಂತ ಯಾರು ಹೇಳಿದ್ದು? ಬೇರೆಯವರ ವಸ್ತುವಿನ ಮೇಲೆ ನಿನ್ನ ಲಕ್ಷಣ ಯಾಕೆ? ಪಕ್ಕದ ಅಂಗಡಿಯವರು ಹೊರಗೆ ಬಂದು ನಿಂತರು. ಗೋವಿಂದ ಉಳಿ ಕೆಳಗಿಟ್ಟು ನನ್ನನ್ನೇ ನೋಡಿದ. "ಚೆನ್ನಾಗಿ ಕಾಣ್ಲಿ ಅಂತ ಮಾಡ್ದೆ ಮಾರಾಯ. ತಪ್ಪಾ?"

ಬೈಗುಳದ ಒಂದೊಂದು ಮಾತೂ ನನ್ನ ಅಳತೆಗೇ ಹೊಲಿಸಿದ್ದು. ಅವನ ಭುಜ ತಟ್ಟಿ ಡ್ರಮ್ ಎತ್ತಿಕೊಂಡು ಬಂದೆ. ಕ್ಷಮಿಸು ಎನ್ನಬೇಕಿತ್ತು. ಅದನ್ನೂ ಅನ್ನಲಿಲ್ಲ.

೨೧ ನವೆಂಬರ್

ಗೋವಿಂದ ಹೊಡೆದ ಹೆಸರನ್ನೂ ತೆಗೆದೆ. ಆ ಸೊಟ್ಟ ಅಕ್ಷರವನ್ನು ನಾನೇ ಹೊಡೆದುಬಿಡಲೇ ಎಂದು ಉಳಿ ಹಿಡಿದು ಸ್ವಲ್ಪ ಹೊತ್ತು ಕೂತಿದ್ದೆ. ಬೇಕೆಂದು ಸೊಟ್ಟಗೆ ಹೊಡೆಯಲು ಕೈ ಬರಲಿಲ್ಲ. ನಾಳೆ ಹೋಗಿ ಹೇಳುತ್ತೇನೆ. ಬಾಗಿಲಲ್ಲೇ, ಚಪ್ಪಲಿ ಬಿಡುವ ಮೊದಲೇ.

೨೨ ನವೆಂಬರ್

ಭದ್ರಾವತಿ ಬಸ್ಸಿನಲ್ಲಿ ಡ್ರಮ್ ತೊಡೆಯ ಮೇಲಿತ್ತು. ಬೆಡ್‌ಶೀಟ್ ಸರಿದಿತ್ತು. ಪಕ್ಕದ ಸೀಟಿನ ಹೆಂಗಸು ಅದರಲ್ಲಿ ನೋಡಿಕೊಂಡು ಮುಡಿದ ಹೂವು ಸರಿಮಾಡಿಕೊಂಡರು. "ಎಷ್ಟು ಚೆನ್ನಾಗಿ ಉಜ್ಜಿದೀರಿ, ಏನು ಪುಡಿ ಹಾಕ್ತೀರಿ?" ಎಂದು ಬೇರೆ ಕೇಳಿದರು. ಬೇರೆ ದಿನವಾಗಿದ್ದರೆ ಇಳಿಯುವ ಸ್ಟಾಪ್ ಮರೆತು ಹೇಳುತ್ತಿದ್ದೆ.

ಜನ್ನಾಪುರ. ಬಾಗಿಲಲ್ಲಿ ಹೇಳಲಿಲ್ಲ. ಚಪ್ಪಲಿ ಬಿಟ್ಟೆ. ಕೂತೆ. ಶಾಂಭವಿ ಚಹಾ ಕೊಟ್ಟರು, ಕುಡಿದೆ. ಚಕ್ಕುಲಿ ಕೊಟ್ಟರು, ಅದನ್ನೂ ತಿಂದೆ. ಅಂಥ ಮನುಷ್ಯ ನಾನು.

ಷಣ್ಮುಖಪ್ಪನವರು ಒಳಗಿನಿಂದ ಬಂದರು. ಎತ್ತರದ ಆಳು, ಬಾಗಿಲ್ಲ. ಇಸ್ತ್ರಿ ಮಾಡಿದ ಬಿಳಿ ಶರಟು, ಹಣೆಗೆ ವಿಭೂತಿ. ಡ್ರಮ್ ನೋಡಿ ಮುಖ ಅರಳಿತು. "ಓಹೋಹೋ... ನನ್ ಮದ್ವೇಲೂ ಇಷ್ಟು ಹೊಳೀತಿರ್ಲಿಲ್ಲ ಕಣಪ್ಪ ಇದು." ಬೆಲ್ಟಿಲ್ಲದಿದ್ದರೂ ತೋಳಿನಲ್ಲಿ ಎತ್ತಿಕೊಂಡು ಸೊಂಟಕ್ಕೆ ಒತ್ತಿ ಹಿಡಿದರು. ಅಂಗೈ ಒಳಪಕ್ಕಕ್ಕೆ ಹೋಯಿತು, ಹೊಟ್ಟೆಗೆ ತಾಗುವ ಕಡೆಗೆ. ಆಗ ಗೊತ್ತಾಯಿತು ಆ ಒಂದು ಪಕ್ಕ ಯಾಕೆ ಅಷ್ಟು ಸವೆದಿತ್ತೆಂದು. ಹೆಸರನ್ನು ಅವರು ಜನರ ಕಡೆಗೆ ತಿರುಗಿಸುತ್ತಿರಲಿಲ್ಲ. ತಮ್ಮ ಕಡೆಗೆ ಇಟ್ಟುಕೊಂಡು ಬಾರಿಸುತ್ತಿದ್ದರು.

ಬೆರಳು ಹುಡುಕಿತು. ಡ್ರಮ್ಮನ್ನು ಸ್ವಲ್ಪ ತಿರುಗಿಸಿದರು. ಮತ್ತೆ ಸ್ವಲ್ಪ. ಪೂರ್ತಿ ಒಂದು ಸುತ್ತು ಬಂತು.

"ಎಲ್ಲಪ್ಪ?"

"ಅಳಿಸ್ಬಿಟ್ಟೆ," ಎಂದೆ. "ನೀವು ಹೇಳಿ ಕಳ್ಸೋ ಮೊದ್ಲೇ ಅಳಿಸಿದ್ದೆ. ಫೋನಲ್ಲಿ ಇದೆ ಅಂತ ಸುಳ್ಳು ಹೇಳ್ದೆ. ಬೇರೆಯವ್ರ ಹತ್ರ ಹೊಡ್ಸಿ ನಿಮ್ಗೆ ಮೋಸ ಮಾಡಕ್ಕೂ ನೋಡ್ದೆ."

ಶಾಂಭವಿ ಎದ್ದು ನಿಂತರು. "ಮುಟ್ಟಿಲ್ಲ ಅಂದ್ರಲ್ಲ ನೀವು? ನಾನು ಅಪ್ಪಾಜಿಗೆ ಇದೆ ಇದೆ ಅಂತ ದಿನಾ ಹೇಳ್ತಿದ್ದೀನಿ. ದಿನಾ ಕೇಳ್ತಿದ್ರು ಅವ್ರು!" ಕಣ್ಣಲ್ಲಿ ನೀರು ಬಂತು. ಇನ್ನೂ ನಾಲ್ಕು ಮಾತು ಬೈದರು. ಬೈಯಲಿ ಎಂದು ಕೂತಿದ್ದೆ. ನಿಲ್ಲಿಸಬಾರದು ಎನಿಸುತ್ತಿತ್ತು.

"ಸುಮ್ನಿರು ಮಗ," ಎಂದರು ಷಣ್ಮುಖಪ್ಪನವರು. ಡ್ರಮ್ ಕೆಳಗಿಟ್ಟು ಕುರ್ಚಿಯಲ್ಲಿ ಕೂತರು. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು.

ಆಮೇಲೆ ಕೇಳಿದರು. "ಉಜ್ಜಿದಾಗ ಪುಡಿ ಬೀಳ್ತದಲ್ಲ. ಅದನ್ನೇನ್ ಮಾಡ್ತೀಯ?"

ಅರ್ಥವಾಗಲಿಲ್ಲ. ಮಷೀನಿನ ಹಿಂದೆ ಒಂದು ಡಬ್ಬಿ ಇದೆ, ಅದರಲ್ಲಿ ಬೀಳುತ್ತದೆ ಎಂದೆ.

"ಎಸ್ದಿದೀಯಾ?"

"ಇಲ್ಲ... ತುಂಬಿದ್ಮೇಲೆ ಎಸೆಯೋದು."

"ಹಂಗಾದ್ರೆ ಅದ್ರಲ್ಲಿದಾಳೆ," ಎಂದರು. "ಲೋಹ ಎಲ್ಲಿಗೂ ಹೋಗಲ್ಲಪ್ಪ. ಕಾರ್ಖಾನೆಲಿ ಅಷ್ಟು ವರ್ಷ ಅದನ್ನೇ ನೋಡಿದೀನಿ. ಒಂದ್ ಚಿಟಿಕೆ ಆದ್ರೆ ಸಾಕು. ನಾಡಿದ್ದು ಬಾರಿಸೋವಾಗ ಜೇಬಲ್ಲಿ ಇಟ್ಕೊಳ್ತೀನಿ. ತರ್ತೀಯಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ತರ್ತೀನಿ," ಎಂದು ಹೇಳಿ ಓಡಿಬಂದೆ. ಚಪ್ಪಲಿ ಹಾಕಿಕೊಳ್ಳುವಾಗ ಕಾಲು ಸಿಗುತ್ತಿರಲಿಲ್ಲ.

೨೩ ನವೆಂಬರ್, ಮಧ್ಯಾಹ್ನ

ಡಬ್ಬಿ ಬಿಚ್ಚಿದೆ. ಪೇಪರ್ ಹಾಸಿ ಸುರಿದೆ. ಕಪ್ಪು ಹಿಟ್ಟು, ಹತ್ತಿಯ ನೂಲು, ಪಾಲಿಶ್ ಸೋಪಿನ ಜಿಡ್ಡು. ದೀಪಾವಳಿಗೆ ಬಂದ ದೀಪದ ಕಂಬಗಳೆಲ್ಲ ಇದರಲ್ಲಿವೆ. ಶಾಲೆಯ ಡ್ರಮ್ಮಿದೆ, ಬೆಳ್ಳಿ ಬಣ್ಣದ ಚೂರುಗಳಿವೆ. ಗೋವಿಂದನ ನೆಟ್ಟಗಿನ ಅಕ್ಷರಗಳೂ ಇವೆ. ಷಣ್ಮುಖಪ್ಪನವರ ಹೆಂಡತಿ ಹೊಡೆದದ್ದು ಇದರಲ್ಲಿ ಎಷ್ಟಿದ್ದೀತು?

ಭೂಮಿಕಾ ಪಕ್ಕದಲ್ಲಿ ಕೂತು ಜರಡಿ ಹಿಡಿದಳು. ಇಬ್ಬರ ಕೈಯೂ ಮಸಿ. ಸ್ವಲ್ಪ ಹೊತ್ತಾದ ಮೇಲೆ ಮೆತ್ತಗೆ ಹೇಳಿದಳು, "ಒಂದು ಪೊಟ್ಟಣ ಕಟ್ಟಿಕೊಡಿ. ಅದೇ ಇದು ಅನ್ನಿ. ವಯಸ್ಸಾದವ್ರು, ಸಮಾಧಾನ ಆಗ್ಲಿ."

ಪೊಟ್ಟಣ ಕಟ್ಟಿದ್ದೇನೆ. ಇದು ಕೊನೆಯ ಸುಳ್ಳೋ, ಮೊದಲನೆಯ ನಿಜವೋ ತಿಳಿಯುತ್ತಿಲ್ಲ. ಇದರಲ್ಲಿ ಆಕೆಯ ಹೆಸರಿದೆ ಎಂದರೆ ಸುಳ್ಳಲ್ಲ. ಆದರೆ ಇದೇ ಆಕೆಯ ಹೆಸರು ಎಂದು ಕೈಗಿಟ್ಟರೆ... ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ. ಎದೆಯ ಮೇಲಿನ ಜೇಬು. ಬಿಳಿಯ ಶರಟು. ಈ ಕಪ್ಪು ಅಂಟಿದರೆ ಹೋಗುವುದಿಲ್ಲ, ಎಷ್ಟು ಒಗೆದರೂ. ಅದನ್ನಾದರೂ ಮೊದಲೇ ಹೇಳಬೇಕು. ಮಿಕ್ಕಿದ್ದನ್ನೂ ಹೇಳಬೇಕು. ಈಗಲೇ ಫೋನ್ ಮಾಡಿ, ಷಣ್ಮುಖಪ್ಪನವರೇ, ಇದರಲ್ಲಿ ಊರವರ ಹೆಸರೆಲ್ಲ ಸೇರಿಹೋಗಿವೆ, ನಿಮ್ಮದು ಯಾವುದು ಎಂದು ನನಗೆ ಗೊತ್ತಿಲ್ಲ, ಎನ್ನಬೇಕು. ಇಲ್ಲಿಗೆ ಪೆನ್ನಿಟ್ಟು ಫೋನ್ ಎತ್ತಿಕೊಳ್ಳುತ್ತೇನೆ.